ಹದ್ದಿನ ಮುಖ ಯಾವ ಕಡೆಗೆ?

ಹದ್ದಿನ ಚಿತ್ರ ಬರೆಯಲು ಕೂತವರನ್ನು ರೆಕ್ಕೆ ಅಷ್ಟಾಗಿ ಕಾಡುವುದಿಲ್ಲ. ಅಗಲಕ್ಕೆ ಹರಡಿ, ತುದಿಯ ಗರಿಗಳನ್ನು ಕೈಬೆರಳಿನಂತೆ ಬಿಡಿಸಿದರೆ ಆಯಿತು. ಕಾಡುವುದು ಮೂತಿ. ಎದುರಿನಿಂದ ಬರೆದರೆ ಕೊಕ್ಕಿನ ಕೊಂಕೇ ಕಾಣದೆ ಮುಖ ಗೂಬೆಯದೋ ಕೋಳಿಯದೋ ಆಗಿಬಿಡುತ್ತದೆ. ಅದಕ್ಕೇ ಲಾಂಛನಗಳಲ್ಲಿ ಮೈ ನಮ್ಮತ್ತ, ತಲೆ ಮಾತ್ರ ಪಕ್ಕಕ್ಕೆ. ಆಗಲೂ ಕಣ್ಣಿನ ಮೇಲೆ ಚಾಚಿಕೊಂಡ ಎಲುಬಿನ ಹುಬ್ಬನ್ನು ಮರೆಯಬಾರದು. ಆ ಒಂದು ಗೆರೆ ಬಿಟ್ಟುಹೋದರೆ ಗದರುವ ಹದ್ದು ಹೋಗಿ ಬೆದರಿದ ಪಾರಿವಾಳ ಕೂತಿರುತ್ತದೆ.

ತಲೆ ತಿರುಗಿತು, ಸರಿ. ಯಾವ ಪಕ್ಕಕ್ಕೆ? ಅಮೆರಿಕದ 1782ರ ಮುದ್ರೆಯಲ್ಲಿ ಹದ್ದಿನ ಬಲಗಾಲಲ್ಲಿ ಆಲಿವ್ ಕೊಂಬೆ, ಎಡಗಾಲಲ್ಲಿ 13 ಬಾಣ, ಮುಖ ಕೊಂಬೆಯ ಕಡೆಗೆ. (ಹದ್ದಿನ ಬಲ ಎಂದರೆ ನೋಡುವವರ ಎಡ, ನಕಲು ಮಾಡುವವರು ಎಡವುವುದು ಇಲ್ಲೇ.) ಅಧ್ಯಕ್ಷರ ಬಾವುಟದ ಹದ್ದು ಮಾತ್ರ ಬಾಣಗಳನ್ನೇ ದಿಟ್ಟಿಸುತ್ತಿತ್ತು. 1945ರಲ್ಲಿ ಅಧ್ಯಕ್ಷ ಟ್ರೂಮನ್ ಅದರ ಕತ್ತನ್ನೂ ಕೊಂಬೆಯತ್ತ ತಿರುಗಿಸಿದರು. ಮಹಾಯುದ್ಧ ಮುಗಿದ ಮೇಲೆ, ಅನ್ನಿ.

ಈ ತಕರಾರೇ ಬೇಡವೆಂದರೆ ಎರಡು ತಲೆ ಇಟ್ಟುಬಿಡಬೇಕು. ಕೆಲಸವೂ ಹಗುರ: ಅರ್ಧ ಬರೆದು, ಕಾಗದ ಮಡಿಸಿ ಉಜ್ಜಿದರೆ ಉಳಿದರ್ಧ ತಾನೇ ಮೂಡುತ್ತದೆ. ಇಂದಿನ ಟರ್ಕಿಯ ಅಲಾಜಾ ಹೊಯುಕ್‌ನಲ್ಲಿ ಹಿಟ್ಟೈಟರೆಂಬ ಪ್ರಾಚೀನ ಜನ 3,000 ವರ್ಷಗಳಿಗೂ ಹಿಂದೆ ಕಡೆದ ಎರಡು ತಲೆಯ ಹದ್ದಿನ ಒಂದೊಂದು ಕಾಲಲ್ಲೂ ಒಂದೊಂದು ಮೊಲ. ತಕ್ಷಶಿಲೆಯ ಸಿರ್‌ಕಪ್ ಸ್ತೂಪದಲ್ಲೂ ಇಂಥದೇ ಹಕ್ಕಿಯಿದೆ. ಆಮೇಲೆ ಬೈಜಾಂಟಿಯಮ್, ರಷ್ಯಾ, ಅಲ್ಬೇನಿಯಾ. ಒಂದು ತಲೆ ಮೂಡಣಕ್ಕೆ, ಇನ್ನೊಂದು ಪಡುವಣಕ್ಕೆ ಎಂಬ ವಿವರಣೆ ಇದೆ. ಚಿತ್ರ ಮೊದಲು ಬಂದು, ಅರ್ಥ ಬೆನ್ನಿಗೆ ಬಂದಿರಬೇಕು.

ನಮ್ಮ ಗಂಡಭೇರುಂಡವನ್ನು ಹದ್ದು ಎಂದರೆ ಅದಕ್ಕೆ ಅವಮಾನ. ಅದರ ಬೇಟೆ ಮೊಲವಲ್ಲ, ಆನೆ. 1047ರ ಬಳ್ಳಿಗಾವಿಯ ಕಂಬದ್ದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಪೂರಾ ಹಕ್ಕಿ, ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳು. ಇಷ್ಟೂ ಹಿಡಿಸಬೇಕಾದ ಅರ್ಧ ವರಾಹವೆಂಬ ಚಿನ್ನದ ನಾಣ್ಯದ ತೂಕ ಸುಮಾರು 1.7 ಗ್ರಾಂ, ಅಗಲ ಕಿರುಬೆರಳ ಉಗುರಿನಷ್ಟು. ಅಚ್ಚಿನ ಮೇಲೆ ಸುತ್ತಿಗೆ ಬೀಳುವಾಗ ಚಿನ್ನದ ಬಿಲ್ಲೆ ಕೂದಲೆಳೆ ಸರಿದರೂ ಸಾಕು, ಒಂದು ತಲೆ ಅಂಚಿನಾಚೆ ಹೋಗಿ, ಉಳಿದದ್ದು ಮತ್ತೆ ಒಂದೇ ಪಕ್ಕಕ್ಕೆ ನೋಡುತ್ತದೆ.