ಸೊಸೈಟಿಯ ಹೊರೆ, ಊರಿನ ಸಂಕ

ಪುಣೆಯಲ್ಲಿ ಸೊಸೈಟಿ ಅಂದರೆ ಅಪಾರ್ಟ್‌ಮೆಂಟ್. ನಮ್ಮ ಶಿವಮೊಗ್ಗದ ಕಡೆ ಅಡಿಕೆ ಮಾರೋಕೆ ಹಾಕೋ ಸಹಕಾರಿ ಸಂಘ. ಹದಿನಾಲ್ಕು ವರ್ಷ ಆಯ್ತು ಇಲ್ಲಿಗೆ ಬಂದು, ಈಗಲೂ ಆ ಪದ ಕೇಳಿದರೆ ಮೂಗಿಗೆ ಸಿಪ್ಪೆ ಅಡಿಕೆ ವಾಸನೆಯೇ ಬರೋದು.

ನಮ್ಮ ಇಲ್ಲಿನ ಸೊಸೈಟಿಯ ಸೆಕ್ರೆಟರಿ ಕಳೆದ ತಿಂಗಳು ರಾಜೀನಾಮೆ ಕೊಟ್ಟರು. ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿ, ಬಾಕಿ ವಸೂಲಿ ಎಲ್ಲ ಅವರದೇ ತಲೆನೋವು. ಸಂಬಳ ಇಲ್ಲ. ಎರಡು ಗಂಟೆ ನೀರು ನಿಂತರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ "ಕಮಿಷನ್ ಎಷ್ಟು?" ಅಂತ ಶುರು. "ದುಡಿಯೋರು ಕೈಬಿಟ್ಟಾಗಲೇ ಇವರಿಗೆ ಬುದ್ಧಿ ಬರೋದು" ಅಂದರು ಅವರು. ಆಫೀಸಿನಲ್ಲೂ ಇದೇ ಮಾತು: ಟ್ಯಾಕ್ಸ್ ಕಟ್ಟೋರು ನಾವು, ತಿನ್ನೋರು ಬೇರೆಯವರು.

ನನಗೆ ದೊಡ್ಡಪ್ಪನ ಸಂಕ, ಅಂದರೆ ಹಳ್ಳ ದಾಟೋ ಮರದ ಕಾಲುಸೇತುವೆ, ನೆನಪಾಯಿತು.

ಹೊಸನಗರ ತಾಲ್ಲೂಕಿನ ನಮ್ಮೂರಲ್ಲಿ ಮನೆಗಳ ಮಧ್ಯೆ ಒಂದು ಹಳ್ಳ. ಮಳೆ ಹಿಡಿಯೋ ಮೊದಲು ಪ್ರತಿ ವರ್ಷ ದೊಡ್ಡಪ್ಪ ಅದಕ್ಕೆ ಸಂಕ ಹಾಕುತ್ತಿದ್ದರು. ತಮ್ಮ ತೋಟದ ಸತ್ತ ಅಡಿಕೆಮರ ಕಡಿಸಿ, ಸೀಳಿ, ದಬ್ಬೆ ಜೋಡಿಸಿ, ತಂತಿ ಬಿಗಿದು. ಪಾಚಿಗೆ ಕಾಲು ಜಾರದ ಹಾಗೆ ಅಡ್ಡಪಟ್ಟಿ ಹೊಡೆಯೋದು ಮಾತ್ರ ತಾವೇ, ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಒಂದು ವರ್ಷ ಆಚೆಮನೆಯವರು "ಸಂಕ ಅಲ್ಲಾಡ್ತದೆ ಮಾರಾಯ್ರೇ, ಸರಿ ಕಟ್ಟಬಾರದಾ?" ಅಂದರು. ದೊಡ್ಡಪ್ಪ ಏನೂ ಹೇಳಲಿಲ್ಲ. ಮರುವರ್ಷ ಸಂಕ ಹಾಕಲಿಲ್ಲ, ಅಷ್ಟೇ.

ಹಳ್ಳ ತುಂಬಿತು. ನಾಲ್ಕು ದಿನ ಮಕ್ಕಳು ಶಾಲೆಗೆ ಹೋಗಲಿಲ್ಲ. ಐದನೇ ದಿನ ಸಂಜೆ, ಕಂಬಳಿಕೊಪ್ಪೆ ಹಾಕಿಕೊಂಡು ಆರು ಜನ ಅಂಗಳಕ್ಕೆ ಬಂದರು. ತಪ್ಪಾಯ್ತು ಅಂತ ಯಾರೂ ಹೇಳಲಿಲ್ಲ. "ಕತ್ತಿ ತಂದಿದೀವಿ. ಯಾವ ಮರ ಕಡಿಯೋದು?" ಅಂದರು. ಅವತ್ತಿನಿಂದ ಸಂಕಕ್ಕೆ ಮನೆಗೊಂದು ಆಳು. ನಮ್ಮ ಕಡೆ ಇದಕ್ಕೆ ಮುಯ್ಯಾಳು ಅನ್ನುತ್ತಾರೆ. ಅಡಿಕೆ ಕೊನೆ ಕೊಯ್ಲಿಗೆ, ಗದ್ದೆ ನಟ್ಟಿಗೆ ಇವತ್ತು ನಿಮ್ಮ ಮನೆಗೆ ನಾನು, ನಾಳೆ ನಮ್ಮ ಮನೆಗೆ ನೀವು. ಕೃತಜ್ಞತೆ ಅಲ್ಲ, ಲೆಕ್ಕ. ಸಂಕದ ಬಗ್ಗೆ ಕೊಂಕು ಈಗಲೂ ಇದೆ, ಆದರೆ ಅದು ಆರು ಪಾಲಾಗಿದೆ!

ಹಾಗಾಗಿ ಹೊರೆ ಇಳಿಸೋದು ತಪ್ಪು ಅಂತ ನಾನು ಹೇಳಲ್ಲ. ಹೊತ್ತಿರೋದು ನಿಜವಾಗಿ ಯಾರು ಅನ್ನೋದೇ ನನಗಿರೋ ತಕರಾರು. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಜಗಳ ಹುಟ್ಟಿದ್ದು ಗೇಣಿ ಭತ್ತ ಅಳೆಯೋ ಕೊಳಗದ ಮೇಲೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಊರನ್ನು ಸಾಕುತ್ತಿರೋದು ತಾವೇ ಅಂತ ಜಮೀನಿನ ಒಡೆಯರು ಅಂದುಕೊಂಡಿದ್ದರೇನೋ. ಉತ್ತವರು ಬೇರೆಯೇ ಇದ್ದರು.

ಇನ್ನು ಕೆಲವರಿಗೆ ಇಳಿಸೋ ಅವಕಾಶವೇ ಸಿಗಲ್ಲ. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಮನೆ, ತೋಟ, ಗದ್ದೆ ನೀರೊಳಗೆ ಹೋದವು. ಆ ನೀರಿನ ಕರೆಂಟು ರಾಜ್ಯಕ್ಕೆಲ್ಲ ಹೋಯಿತು. ಮುಳುಗಡೆಯವರು ಜಮೀನಿನ ಹಕ್ಕುಪತ್ರಕ್ಕೆ ದಶಕಗಟ್ಟಲೆ ಕಚೇರಿ ಅಲೆದರು. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ಅದನ್ನು ದಾಟಲು ಲಾಂಚ್ ಕಾದರು. ಸೇತುವೆ ಬಂದದ್ದು 2025ರಲ್ಲಿ. ಕೃತಘ್ನತೆ ಅಂದರೆ ಅದಪ್ಪಾ. ವಾಟ್ಸಾಪ್ ಬೈಗುಳ ಅದರ ಮುಂದೆ ಏನು?

ಇಷ್ಟೆಲ್ಲ ಸೆಕ್ರೆಟರಿಯವರಿಗೆ ಹೇಳಲಿಲ್ಲ. ಮರಾಠಿಯಲ್ಲಿ ಮುಯ್ಯಾಳು ವಿವರಿಸೋದು ನನ್ನ ಕೈಲಾಗಲ್ಲ. ಭಾನುವಾರ ಮೀಟಿಂಗ್ ಇದೆ. ಕತ್ತಿ ಅಂತೂ ಇಲ್ಲ, ಅವರಿಂದ ಲಿಫ್ಟ್ ಮೆಕ್ಯಾನಿಕ್ ನಂಬರ್ ಇಸ್ಕೊಂಡಿದ್ದೇನೆ.