ಮರೆವಿನ ಕಾಯಿಲೆಯವರಿಗೆ ಭಾಷೆಗೊಂದು ಆರೈಕೆ ಮನೆ ಬೇಕೇ?

ದುಡಿಯಲು ಪರದೇಶಕ್ಕೆ ಹೋದವರು ಅಲ್ಲೇ ಮುದುಕರಾಗುತ್ತಿದ್ದಾರೆ. ಅವರಲ್ಲಿ ಡಿಮೆನ್ಷಿಯಾ ಬಂದವರಿಗೆ ಅವರದೇ ಮಾತು, ಅವರದೇ ಊಟ ಇರುವ ಪ್ರತ್ಯೇಕ ಮನೆ ಬೇಕೇ? ಎಲ್ಲರ ಜೊತೆಗಿದ್ದರೆ ಸಾಲದೇ?

ಪರ: ಬೇಕೇ ಬೇಕು

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಆಮೇಲೆ. ಹಾಗಾಗಿ ದೊಡ್ಡವರಾದ ಮೇಲೆ ಕಲಿತ ಭಾಷೆ ಎಷ್ಟೋ ಜನರಿಗೆ ಕೈಕೊಡುತ್ತದೆ. ಸ್ವೀಡನ್ನಿನ ಕಾರ್ಖಾನೆಗಳಿಗೆ 1950ರಿಂದ 70ರ ದಶಕದವರೆಗೆ ಫಿನ್ಲೆಂಡಿನಿಂದ ಲಕ್ಷಾಂತರ ಜನ ಬಂದರು. ಅವರಿಗೆ ವಯಸ್ಸಾಗಿ ಮರೆವು ಬಂದಾಗ ಕಷ್ಟಪಟ್ಟು ಕಲಿತಿದ್ದ ಸ್ವೀಡಿಷ್ ಜಾರಿಹೋಗಿ ಫಿನ್ನಿಶ್ ಮಾತ್ರ ಉಳಿಯುವುದು ಅಲ್ಲಿ ಮಾಮೂಲಾಯಿತು. 2010ರಲ್ಲಿ ಜಾರಿಗೆ ಬಂದ ಕಾನೂನಿನಂತೆ, ಗೊತ್ತುಪಡಿಸಿದ ಪುರಸಭೆಗಳಲ್ಲಿ ಹಿರಿಯರು ಕೇಳಿದರೆ ಆರೈಕೆಯನ್ನು ಫಿನ್ನಿಶ್‌ನಲ್ಲಿ ಕೊಡಲೇಬೇಕು. ಪೂರ್ತಿ ಆಗದಿದ್ದರೂ ಗಣನೀಯ ಭಾಗವನ್ನಾದರೂ.

ಮಗನ ಮನೆಗೆಂದು ಮೆಲ್ಬರ್ನ್‌ಗೆ ಹೋಗಿ, ಕೊನೆಗೆ ಆರೈಕೆ ಮನೆ ಸೇರಿದ ಹಾಸನದ ಕಡೆಯ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಗುರುತಿಲ್ಲದ ಹುಡುಗಿಯೊಬ್ಬಳು ಬಂದು ಸೀರೆಗೆ ಕೈ ಹಾಕುತ್ತಾಳೆ. ಏನೋ ಹೇಳುತ್ತಾಳೆ, ಅರ್ಥವಾಗುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಷವರ್ ಬಿಡುತ್ತಾಳೆ. ನೀರು ನೇರ ತಲೆ ಮೇಲೆ. ಜೀವಮಾನವಿಡೀ ಹಂಡೆಯಿಂದ ಚೊಂಬಿನಲ್ಲಿ ಮೊಗೆದು, ಮೊದಲು ಕಾಲಿಗೆ ಹುಯ್ದುಕೊಂಡು, ಬಿಸಿ ಹದ ನೋಡಿ ಸ್ನಾನ ಮಾಡಿದ ಜೀವ ಅದು. ಕಿರುಚುತ್ತದೆ, ಕೈ ಬೀಸುತ್ತದೆ. ಫೈಲಿನಲ್ಲಿ 'ಹೊಡೆಯಲು ಬರುತ್ತಾರೆ' ಎಂದು ದಾಖಲಾಗುತ್ತದೆ. ಆಮೇಲೆ ಮಂಪರಿನ ಮಾತ್ರೆ. "ಅಜ್ಜೀ, ಕಾಲಿಗೆ ನೀರು ಹಾಕ್ಲಾ? ಬಿಸಿ ಸಾಕಾ?" ಎಂದು ಕೇಳುವವರಿದ್ದರೆ ಆ ಮಾತ್ರೆ ಬೇಕಿತ್ತೇ?

ಟೊರಾಂಟೊದ ಸ್ಕಾರ್ಬರೋದಲ್ಲಿ 1994ರಲ್ಲಿ ಚೀನೀ ಹಿರಿಯರಿಗಾಗಿ ಯೀ ಹಾಂಗ್ ಕೇಂದ್ರ ತೆರೆಯಿತು. ಅಲ್ಲಿನ ಸಿಬ್ಬಂದಿ ಹಿರಿಯರ ಜೊತೆ ಅವರದೇ ಭಾಷೆಯಲ್ಲಿ ಮಾತಾಡುತ್ತಾರೆ. ಜಾಗ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಬೇಡದ ವಸ್ತುವಿಗೆ ಯಾರಾದರೂ ಇಷ್ಟು ಕಾಯುತ್ತಾರಾ?

ಹೀಗೆ ಮಾಡಿದರೆ ಜನ ತಮ್ಮ ತಮ್ಮವರೊಳಗೇ ಉಳಿದುಬಿಡುತ್ತಾರೆ, ಬೆರೆಯುವುದಿಲ್ಲ ಎಂದು ಗೊಣಗುವವರಿದ್ದಾರೆ. ಎಂಬತ್ತೈದರ ಅಜ್ಜಿ ಇನ್ನು ಯಾರ ಜೊತೆ ಬೆರೆಯಬೇಕಿದೆ, ಸ್ವಾಮಿ? ಊಟ ಬಾಯಿಗೆ ಸೇರಿದರೆ, ನೋವು ಎಲ್ಲಿ ಅಂತ ಹೇಳಲು ಬಂದರೆ ಸಾಕು.

ವಿರೋಧ: ಬೇಡ

ಚೊಂಬಿನ ಮಾತು ಪೂರ್ತಿ ಒಪ್ಪಿದೆ. ಆದರೆ ಒಂದು ಚೊಂಬಿಗೆ ಬೇರೆ ಕಟ್ಟಡ ಯಾಕೆ? ಸೇರಿಸಿಕೊಳ್ಳುವ ದಿನವೇ ಮನೆಯವರನ್ನು ಕೂರಿಸಿ, ಸ್ನಾನ ಹೇಗೆ, ಊಟ ಏನು, ಯಾವ ಹಾಡು ಇಷ್ಟ, ಯಾರು ಮುಟ್ಟಿದರೆ ಮುಜುಗರ ಎಂದು ಬರೆದುಕೊಳ್ಳಲಿ. ದಿನಕ್ಕೆ ಬೇಕಾಗುವ ಇಪ್ಪತ್ತು ಮಾತುಗಳನ್ನು ಆ ಹುಡುಗಿಗೆ ಕಲಿಸಲಿ. ಇದನ್ನು ಯಾವ ಆರೈಕೆ ಮನೆಯಲ್ಲಾದರೂ ಮಾಡಬಹುದು.

ಪ್ರತ್ಯೇಕ ಮನೆ ಅಂದಕೂಡಲೇ ಯಾರಿಗೆ ಅನ್ನೋ ಪ್ರಶ್ನೆ ಬರುತ್ತದೆ. ಮೆಲ್ಬರ್ನ್‌ನಲ್ಲಿ 'ಭಾರತೀಯರ ಮನೆ' ಕಟ್ಟಿದರೆ ಟಿವಿಯಲ್ಲಿ ಹಿಂದಿ, ತಟ್ಟೆಯಲ್ಲಿ ರೋಟಿ ದಾಲ್. ಹಾಸನದ ಅಜ್ಜಿಗೆ ಅದೂ ಪರದೇಶವೇ. ಸರಿ, ಕನ್ನಡದವರಿಗೇ ಒಂದು ಕಟ್ಟೋಣ. ಅಲ್ಲಿಗೆ ಮನೆಯಲ್ಲಿ ತುಳುವನ್ನೋ ಕೊಡವವನ್ನೋ ಕೊಂಕಣಿಯನ್ನೋ ಆಡುತ್ತಿದ್ದವರು ಬಂದರೆ? ಸಸ್ಯಾಹಾರದ ಅಡಿಗೆಮನೆ ಬೇರೆ ಬೇಕು ಎಂದು ಇನ್ಯಾರೋ ಪಟ್ಟು ಹಿಡಿದರೆ? ನಮ್ಮ ಜನ ಪಟ್ಟು ಹಿಡಿಯುವವರೇ, ಅದರಲ್ಲಿ ಅನುಮಾನ ಬೇಡ.

ಇನ್ನು ದುಡ್ಡು. ಲಾಸ್ ಏಂಜಲೀಸ್‌ನಲ್ಲಿ ಜಪಾನೀ ಅಮೆರಿಕನ್ನರು ತಮ್ಮ ಹಿರಿಯರಿಗಾಗಿ ಕೇರೋ (Keiro) ಎಂಬ ಸಂಸ್ಥೆಯಡಿ ಆರೈಕೆ ಮನೆಗಳನ್ನು ಕಟ್ಟಿ ದಶಕಗಳ ಕಾಲ ನಡೆಸಿದರು. ಸಮುದಾಯದ ವಿರೋಧದ ನಡುವೆಯೂ 2016ರಲ್ಲಿ ನಾಲ್ಕನ್ನೂ ಒಂದು ಖಾಸಗಿ ಕಂಪನಿಗೆ ಮಾರಿದರು. ಜಪಾನೀ ಊಟ, ಭಾಷೆ ಉಳಿಸಬೇಕು ಎಂಬ ಷರತ್ತು ಐದು ವರ್ಷಕ್ಕಷ್ಟೇ ಇತ್ತು. ಅವಧಿ ಮುಗಿದದ್ದೇ ತಡ, 2021ರಲ್ಲಿ ಅದರಲ್ಲೊಂದನ್ನು ಅಪಾರ್ಟ್‌ಮೆಂಟ್ ಮಾಡಲು ಹೊರಟು, ಅಲ್ಲಿದ್ದ ಮುದುಕರನ್ನು ಖಾಲಿ ಮಾಡಿಸಿದರು. ಅಷ್ಟು ಗಟ್ಟಿಯಾಗಿ ಬೇರೂರಿದವರ ಪಾಡೇ ಹೀಗಾದರೆ, ಕನ್ನಡ ಕೂಟದ ಚಂದಾ ಹಣದಲ್ಲಿ ನಡೆಯುವ ಮನೆ ಎಷ್ಟು ದಿನ?

ನನ್ನ ದೊಡ್ಡ ತಕರಾರು ಬೇರೆ. ಬ್ರಿಟನ್‌ನಲ್ಲಿ ದಕ್ಷಿಣ ಏಷ್ಯಾದವರ ಬಗ್ಗೆ ಒಂದು ಹಳೇ ಮಾತಿದೆ: ಅವರ ಹಿರಿಯರನ್ನು ಅವರೇ ನೋಡಿಕೊಳ್ಳುತ್ತಾರೆ. ಕೇಳಲು ಚೆಂದ. ಈ ಹೊಗಳಿಕೆಯಿಂದ ಸರ್ಕಾರದ ಹೊಣೆ ಹಗುರವಾಯಿತು, ಭಾರವೆಲ್ಲ ಸೊಸೆ, ಮಗಳ ಹೆಗಲಿಗೆ ಬಿತ್ತು. ಪ್ರತ್ಯೇಕ ಮನೆಯೂ ಅದೇ ದಾರಿ ಹಿಡಿಯಬಹುದು. 'ನಿಮ್ಮವರದು ಇದೆಯಲ್ಲ, ಅಲ್ಲಿಗೆ ಹೋಗಿ' ಎಂದರೆ ಮುಗಿಯಿತು. ಮೇಲಾಗಿ ನಮ್ಮವರ ಮಧ್ಯೆ ಸುದ್ದಿ ಹಬ್ಬುವ ವೇಗ ಗೊತ್ತೇ ಇದೆ. ಅಪ್ಪ ಬಟ್ಟೆಯಲ್ಲೇ ಒಂದಕ್ಕೆ ಮಾಡಿಕೊಂಡರೆ ಭಾನುವಾರದೊಳಗೆ ಊರಿಗೆಲ್ಲ ಗೊತ್ತು. ಕಾಯಿಲೆ ಮುಚ್ಚಿಡುವ ಮನೆಗಳು ನಮ್ಮಲ್ಲಿ ಕಮ್ಮಿಯೇ?

ಬೆಂಗಳೂರಲ್ಲೇ ನೋಡಿ. ಕನ್ನಡ ಬಿಟ್ಟು ಬೇರೆ ತಿಳಿಯದ ಅಜ್ಜನಿಗೆ ಏಜೆನ್ಸಿಯವರು ಒಡಿಶಾದಿಂದಲೋ ಜಾರ್ಖಂಡ್‌ನಿಂದಲೋ ಬಂದ ಹುಡುಗನನ್ನು ಕಳಿಸುತ್ತಾರೆ. ಭಾಷೆ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ತಾಳ್ಮೆಯಿರುವ ಹುಡುಗನಾದರೆ ತುತ್ತು ಒಳಗೆ ಹೋಗುತ್ತದೆ. ಅವಸರವಿದ್ದರೆ ಅಚ್ಚ ಕನ್ನಡಿಗನ ಕೈಯಿಂದಲೂ ಹೋಗುವುದಿಲ್ಲ. ಕೊನೆಕೊನೆಗೆ ಮಾತೇ ನಿಂತುಹೋದ ಮೇಲೆ ಉಳಿಯುವುದು ದನಿ, ಮುಟ್ಟುವ ರೀತಿ. ಹೊಸ ಕಟ್ಟಡದ ದುಡ್ಡಿದ್ದರೆ ಮೊದಲು ರಾತ್ರಿ ಪಾಳಿಗೆ ಇನ್ನೊಬ್ಬರನ್ನು ನೇಮಿಸಲಿ, ಸಂಬಳ ಜಾಸ್ತಿ ಮಾಡಲಿ. ಆಮೇಲೆ ಭಾಷೆ ಕಲಿಸೋಣ.