ಓದಿಯೂ ಸುಮ್ಮನಿರುವವರು

ಕಾಗದದ ಕಾಲದಲ್ಲಿ ಸೋಮಾರಿಗಳಿಗೆ ಒಂದು ಭದ್ರವಾದ ನೆಪ ಇತ್ತು. ತಿಂಗಳುಗಟ್ಟಲೆ ಉತ್ತರ ಬರೆಯದೆ ಕೂತು, ಎದುರಿಗೆ ಸಿಕ್ಕಾಗ "ಅಯ್ಯೋ, ನಿಮ್ಮ ಕಾಗದ ಕೈಗೇ ಸೇರಲಿಲ್ಲವಲ್ಲ!" ಅಂದುಬಿಟ್ಟರೆ ಮುಗಿಯಿತು. ಬರೆದವರಿಗೂ ಅದು ಸುಳ್ಳೆಂದು ಗೊತ್ತು. ಆದರೂ ಇಬ್ಬರೂ ಸೇರಿ ಅಂಚೆಯವರನ್ನು ಬೈದು, ನಗುನಗುತ್ತಾ ಮಾತು ಮುಂದುವರಿಸುತ್ತಿದ್ದರು. ಎಷ್ಟು ನೆಂಟಸ್ತಿಕೆಗಳು ಆ ಪಾಪದ ಅಂಚೆಯವನ ದಯೆಯಿಂದ ಉಳಿದಿವೆಯೋ!

ಮೊಬೈಲಿಗೆ ಬಂದ ಮೊಟ್ಟಮೊದಲ ಎಸ್ಸೆಮ್ಮೆಸ್ಸಿಗೂ ಉತ್ತರ ಹೋಗಲಿಲ್ಲ. 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಕಂಪ್ಯೂಟರಿನಿಂದ ಕ್ರಿಸ್‌ಮಸ್ ಶುಭಾಶಯ ಕಳಿಸಿದರು. ಆಗಿನ ಫೋನಿನಲ್ಲಿ ಮರಳಿ ಬರೆದು ಕಳಿಸುವ ಸೌಲಭ್ಯವೇ ಇರಲಿಲ್ಲ. ಎಂಥಾ ನೆಮ್ಮದಿಯ ಕಾಲ!

2014ರ ನವೆಂಬರ್‌ನಲ್ಲಿ ವಾಟ್ಸಾಪ್, ನಾವು ಮೆಸೇಜ್ ಓದಿದ್ದನ್ನು ಕಳಿಸಿದವರಿಗೆ ಚಾಡಿ ಹೇಳುವ ಎರಡು ನೀಲಿ ಟಿಕ್ ತಂದು ಈ ನೆಮ್ಮದಿಗೆ ಕಲ್ಲು ಹಾಕಿತು. ಜನ ಗಲಾಟೆ ಮಾಡಿದ ಮೇಲೆ ಆಫ್ ಮಾಡುವ ದಾರಿಯನ್ನೂ ಕೊಟ್ಟಿತು ಅನ್ನಿ. ಆದರೆ ಷರತ್ತು ನೋಡಿ: ನೀವು ಆಫ್ ಮಾಡಿದರೆ ಬೇರೆಯವರು ಓದಿದ್ದೂ ನಿಮಗೆ ಕಾಣುವುದಿಲ್ಲ. ಗ್ರೂಪಿನಲ್ಲಂತೂ ಆಫ್ ಮಾಡಿಯೂ ಪ್ರಯೋಜನವಿಲ್ಲ, ಯಾರ್‍ಯಾರು ಓದಿದರು ಅಂತ ಹೆಸರು ಸಮೇತ ಹೇಳುತ್ತದೆ.

ಹುಡುಗರು ಇದಕ್ಕೆ ಬಗ್ಗುವವರಲ್ಲ. ಮೆಸೇಜ್ ತೆರೆಯುವುದೇ ಇಲ್ಲ. ಮೇಲಿನಿಂದ ಇಳಿಯುವ ನೋಟಿಫಿಕೇಶನ್ನಿನಲ್ಲೇ ಓದಿ, ಏನೂ ಗೊತ್ತಿಲ್ಲದವರ ಹಾಗೆ ಇದ್ದುಬಿಡುತ್ತಾರೆ. ಹಳೆಯ ಅಂಚೆಯ ನೆಪಕ್ಕೆ ಇವರೇ ನಿಜವಾದ ವಾರಸುದಾರರು.

ಹಿರಿಯರ ಕತೆಯೇ ಬೇರೆ. ಅವರಿಗೆ ಟಿಕ್ಕಿನ ಗೊಡವೆಯೇ ಇಲ್ಲ. "ಅಜ್ಜಿ ಓದಿಯೂ ಏನೂ ಹೇಳಲಿಲ್ಲ, ಕೋಪ ಬಂದಿದೆ ಅನ್ಸುತ್ತೆ" ಅಂತ ಮೊಮ್ಮಗಳು ಇಲ್ಲಿ ಉಗುರು ಕಚ್ಚುತ್ತಿರುತ್ತಾಳೆ. ಕೇಳಿದರೆ ಅಜ್ಜಿ, "ಓದಿದೆನಲ್ಲೇ, ಇನ್ನೇನು ಮಾಡಬೇಕಿತ್ತು?" ಅನ್ನುತ್ತಾರೆ. ನನಗೆ ಅಜ್ಜಿಯ ಮಾತೇ ಸರಿ ಅನಿಸುತ್ತದೆ. ಓದುವುದು ಒಂದು ಕೆಲಸ, ಉತ್ತರ ಕೊಡುವುದು ಇನ್ನೊಂದು. ಎರಡಕ್ಕೂ ಗಂಟು ಹಾಕಿದ್ದು ಫೋನು.

ಹಾಗಂತ ಹಿರಿಯರೇನೂ ಕಮ್ಮಿಯಿಲ್ಲ. ಮೆಸೇಜ್ ಕಳಿಸಿದ ಮರುಗಳಿಗೆಗೆ ಫೋನ್ ಮಾಡಿ, "ಮೆಸೇಜ್ ಹಾಕಿದ್ದೆ, ನೋಡಿದ್ಯಾ?" ಅಂತ ಕೇಳುತ್ತಾರೆ. ಆಮೇಲೆ ಅದರಲ್ಲಿ ಇದ್ದದ್ದನ್ನೆಲ್ಲ ತಾವೇ ಬಾಯಲ್ಲಿ ಹೇಳುತ್ತಾರೆ. ಹೇಳದೆ ಕೇಳದೆ ಫೋನ್ ಮಾಡಿದರೆ ಹುಡುಗರಿಗೆ ಎದೆ ಧಸಕ್ಕೆನ್ನುತ್ತದೆ, ಯಾರಿಗೇನಾಯಿತೋ ಅಂತ. ಫೋನೇ ಮಾಡದಿದ್ದರೆ ಹಿರಿಯರಿಗೆ ಅದೇ ದಿಗಿಲು.

ಆದರೂ ಆ ಮೊಮ್ಮಗಳ ಮೇಲೆ ನನಗೆ ಕನಿಕರವೇ. ಅಜ್ಜಿ ಉತ್ತರ ಕೊಡಲು ಮನಸ್ಸು ಮಾಡಿದ ದಿನ ಅವಳ ಫಜೀತಿ ಇನ್ನೂ ಜಾಸ್ತಿ. ಪರದೆಯ ಮೇಲೆ 'ಟೈಪಿಂಗ್' ಅಂತ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಅಜ್ಜಿ ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತಿದ್ದಾರೆ. ದೊಡ್ಡ ಬೈಗುಳವೇ ಬರುತ್ತಿದೆ ಅಂತ ಇವಳು ಕಾಯುತ್ತಾಳೆ. ಕೊನೆಗೆ ಬರುವುದು 'ಹೂಂ.' ಅಂತ ಒಂದಕ್ಷರ. ಅಜ್ಜಿ ಶಾಲೆಯಲ್ಲಿ ಕಲಿತ ಹಾಗೆ ಕೊನೆಗೆ ಅಚ್ಚುಕಟ್ಟಾಗಿ ಪೂರ್ಣವಿರಾಮ ಇಟ್ಟಿರುತ್ತಾರೆ. ಅದನ್ನು ಕಂಡು ಮೊಮ್ಮಗಳು ಗೆಳತಿಗೆ ಸ್ಕ್ರೀನ್‌ಶಾಟ್ ಕಳಿಸುತ್ತಾಳೆ: "ನೋಡೇ, ಚುಕ್ಕೆ ಇಟ್ಟಿದ್ದಾರೆ. ತುಂಬಾ ಕೋಪ ಅಲ್ವಾ?"